ಮೊದಲ ತಟ್ಟೆ ನಾನು ತಿನ್ನಲ್ಲ

ಒಂದು ಮಾತು ಕೇಳ್ತೀನಿ, ಸುಳ್ಳು ಹೇಳ್ಬಾರ್ದು. ಊಟಕ್ಕೆ ಕೂತಾಗ ನಿಮಗೆ 'ಇನ್ನು ಸಾಕು' ಅಂತ ಹೇಳೋದು ಯಾರು? ಹೊಟ್ಟೆನಾ, ಹೆಂಡ್ತಿನಾ, ಇಲ್ಲಾ ಖಾಲಿಯಾದ ಪಾತ್ರೆನಾ? ಯೋಚ್ನೆ ಮಾಡ್ತಾ ಇರಿ. ಅರವತ್ತೊಂದು ವರ್ಷ ತುಂಬೋವರೆಗೂ ನನಗೆ ಪಾತ್ರೆನೇ ಹೇಳ್ತಿದ್ದಿದ್ದು. ನಾನೋ ಪೀಣ್ಯದಲ್ಲಿ ನಾನೂರು ಜನ ಉಣ್ಣೋ ಫ್ಯಾಕ್ಟ್ರಿ ಕ್ಯಾಂಟೀನಿನ ಹೆಡ್ ಕುಕ್ಕು. ಆ ಪಾತ್ರೆ ಖಾಲಿ ಆಗೋದು ಯಾವಾಗ, ನನಗೆ ಸಾಕಾಗೋದು ಯಾವಾಗ!

ಇದನ್ನ ಒಂದೇ ಬೆರಳಲ್ಲಿ ಒತ್ತಿ ಒತ್ತಿ ಬರೀತಿದ್ದೀನಿ. ಫೋನಲ್ಲಿ ಕನ್ನಡ ಒತ್ತೋದು ಸೊಸೆ ಹೇಳ್ಕೊಟ್ಟು ಒಂದು ತಿಂಗಳಾಯ್ತು. ನಾನು ಎರಡಕ್ಷರ ಒತ್ತೋದ್ರೊಳಗೆ ಈ ಫೋನು ತಾನೇ ಮುಂದಿನದು ಊಹೆ ಮಾಡ್ಬಿಡ್ತದೆ. ಬೇರೆಯವರ ಮಾತು ಮುಗಿಯೋಕೆ ಬಿಡದೇ ಇರೋದ್ರಲ್ಲಿ ನಮ್ಮ ಕ್ಯಾಂಟೀನ್ ಕಂಟ್ರಾಕ್ಟರ್ ಥರಾನೇ. ಅವರ ವಿಷ್ಯಕ್ಕೆ ಬರ್ತೀನಿ, ತಡೀರಿ.

ಆಷಾಢದಲ್ಲಿ ನಾನು ತೂಕ ಇಳಿಸೋ ಆಪರೇಶನ್ ಮಾಡಿಸ್ಕೊಂಡೆ. ಬೈಪಾಸ್ ಅಂತಾರೆ. ಹಾರ್ಟ್ ಬೈಪಾಸ್ ಅಲ್ಲ, ಹೊಟ್ಟೇದು. ಆಗ ನಾನು ನೂರಾ ಹನ್ನೆರಡು ಕೆಜಿ ಇದ್ದೆ. ಹದಿನೆಂಟು ವರ್ಷದ ಸಕ್ಕರೆ ಕಾಯ್ಲೆ, ದಿನಾ ಎರಡು ಹೊತ್ತು ಇನ್ಸುಲಿನ್ನು. ಮಂಡಿ ಹೇಗಿತ್ತು ಅಂದ್ರೆ ಒಲೆ ಮುಂದೆ ನಿಂತ್ರೆ ಕೂರೋಕೆ ಇಬ್ರು ಬೇಕು, ಕೂತ್ರೆ ಏಳೋಕೆ ಮೂರು ಜನ ಬೇಕು. ನೆಂಟರೆಲ್ಲ ಒಂದೇ ರಾಗ: "ಬಾಯಿ ಕಟ್ಟೋಕಾಗದೆ ಹೊಟ್ಟೆ ಕೊಯ್ಸಿಕೊಂಡ್ಲಂತೆ." ನನ್ನ ಮುಂದೆ ಅನ್ನಲಿಲ್ಲ. ಅಂದಿದ್ರೆ ಅವರ ಬಾಯಿ ನಾನೇ ಕಟ್ತಿದ್ದೆ.

ಆಸ್ಪತ್ರೆ ಇದ್ದಿದ್ದು ವೈಟ್‌ಫೀಲ್ಡ್ ಕಡೆ. ಪೀಣ್ಯದಲ್ಲಿ ಮೆಟ್ರೋ ಹತ್ತಿ ಮೆಜೆಸ್ಟಿಕ್‌ನಲ್ಲಿ ಬದಲಾಯಿಸಿದ್ರೆ ಊರಿನ ಆ ತುದಿ. ಡಾಕ್ಟರಮ್ಮ ಧಾರವಾಡದ ಕಡೆಯವರು, ಕತ್ತಿಯಷ್ಟೇ ಚುರುಕು ಮಾತು. ಆಪರೇಶನ್ ಆಗಿ ನಾಲ್ಕನೇ ದಿನ ಸಕ್ಕರೆ ನೋಡಿದ್ರೆ ನೂರಾ ಮೂವತ್ತು. ಇನ್ಸುಲಿನ್ ಹಾಕಿಸ್ಕೊಂಡೂ ಇನ್ನೂರೈವತ್ತಕ್ಕೆ ಇಳೀದೆ ಇದ್ದಿದ್ದು ಅದು. ತೂಕ ನೋಡಿದ್ರೆ ಅಲ್ಲೇ ಇದೆ, ಒಂದೆರಡು ಕೆಜಿ ಆಚೆ ಈಚೆ.

"ಇದೇನ್ರಿ ಡಾಕ್ಟ್ರೇ, ತೂಕ ಹೋಗೋಕ್ಕಿಂತ ಮುಂಚೆ ಸಕ್ಕರೆ ಹೋಯ್ತು? ಬರೀ ಗಂಜಿ ನೀರು ಕುಡಿಸ್ತಿದ್ದೀರಲ್ಲ, ಯಾರಿಗಾದ್ರೂ ಇಳೀತದೆ ಬಿಡಿ" ಅಂದೆ.

"ಅದೂ ಒಂದು ಕಾರಣ ಐತ್ರಿ ಅಮ್ಮಾರ, ಖರೆ. ಆದ್ರ ಅದೊಂದ ಅಲ್ಲ" ಅಂದ್ರು. "ಹೊಟ್ಟಿ, ಕರುಳು ಅಂದ್ರ ಬರೇ ಚೀಲ ಅಂತ ತಿಳದೀರಿ. ಅಲ್ಲಿಂದ ಸುದ್ದಿ ಹೋಗತಾವು. ಈಗ ನಾವು ದಾರಿ ಬದಲಿ ಮಾಡೀವಿ. ಉಂಡಿದ್ದು ಸಣ್ಣ ಕರುಳಿನ ಕೆಳಗಿನ ಭಾಗಕ್ಕ ಲಗೂನ ಮುಟ್ಟತದ. ಅಲ್ಲಿ ಇರೋ ಜೀವಕೋಶಗಳು 'ಊಟ ಬಂತು, ಊಟ ಬಂತು' ಅಂತ ಹಾರ್ಮೋನ್ ಬಿಡತಾವು. ಅದು ಮೆದುಳಿಗೆ ಹೋಗಿ 'ಸಾಕು' ಅಂತದ. ಮೇದೋಜೀರಕಕ್ಕ ಹೋಗಿ 'ಇನ್ಸುಲಿನ್ ಬಿಡು' ಅಂತದ. ನಿಮ್ಮ ಇನ್ಸುಲಿನ್ ಪೂರಾ ಸತ್ತಿರಲಿಲ್ಲ, ಅದಕ್ಕ ಕರೆಯೋರು ಇರಲಿಲ್ಲ."

ನನಗೆ ಫ್ಯಾಕ್ಟ್ರಿ ಸೈರನ್ನು ನೆನಪಿಗೆ ಬಂತು. ನಮ್ಮ ಫ್ಯಾಕ್ಟ್ರೀಲಿ ಒಂದ್ಸಲ ಸೈರನ್ನಿನ ವೈರು ಕೆಟ್ಟು ಬೆಳಿಗ್ಗೆಯಿಂದ ಕೂಗಿದ್ದೇ ಕೂಗಿದ್ದು. ಜನ ಊಟದ ಹೊತ್ತಾಯ್ತು ಅಂತ ಮಷೀನ್ ಬಿಟ್ಟು ತಟ್ಟೆ ಹಿಡ್ಕೊಂಡು ಬಂದ್ಬಿಟ್ಟಿದ್ರು. ಅವತ್ತು ಯಾರೂ ಆ ಜನಕ್ಕೆ ಹೊಟ್ಟೆಬಾಕರು ಅನ್ನಲಿಲ್ಲ, ಎಲೆಕ್ಟ್ರೀಶಿಯನ್ನಿಗೆ ಫೋನ್ ಮಾಡಿದ್ರು. ನನ್ನೊಳಗಿನ ಸೈರನ್ನು ಇಪ್ಪತ್ತು ವರ್ಷ ಕೂಗಿದಾಗ ಮಾತ್ರ ಎಲ್ರೂ ನನ್ನ ಬಾಯಿಗೆ ಬೈದ್ರು. ನಾನೂ ಬೈಕೊಂಡೆ, ಅದೇ ಹೊಟ್ಟೆ ಉರಿಯೋದು.

ಡಿಸ್ಚಾರ್ಜ್ ಮಾಡುವಾಗ ಡಾಕ್ಟರಮ್ಮ ಬೆರಳು ಮಡಚಿ ಮಡಚಿ ಹೇಳಿದ್ರು. ಅಷ್ಟಷ್ಟೇ, ನಿಧಾನಕ್ಕೆ. ಊಟದ ಜೊತೆ ನೀರಾಗಲಿ ಮಜ್ಜಿಗೆಯಾಗಲಿ ಕೂಡದು. ಮೊದಲು ಬೇಳೆ, ಆಮೇಲೆ ಅನ್ನ. ಸಿಹಿ ಮುಟ್ಟಂಗಿಲ್ಲ. "ಬೆಲ್ಲ ಸೀದಾ ಕರುಳಿಗೆ ಇಳದು ಗದ್ದಲಾ ಮಾಡತದ, ಹುಷಾರ್." ನಾನು ತಲೆ ಆಡಿಸಿದೆ. ತಲೆ ಆಡಿಸೋದು ನನಗೆ ಚೆನ್ನಾಗಿ ಬರ್ತದೆ.

ಗೌರಿ ಗಣೇಶ ಕಳೆದ ಮೇಲೆ ಕೆಲ್ಸಕ್ಕೆ ವಾಪಸ್ ಬಂದೆ. ಇನ್ಸುಲಿನ್ ನಿಂತಿತ್ತು, ತೂಕ ಹದಿನೆಂಟು ಕೆಜಿ ಇಳಿದಿತ್ತು. ಬೆಳಿಗ್ಗೆ ಆರಕ್ಕೆ ಒಲೆ ಹಚ್ಚೋದು, ಹನ್ನೆರಡೂವರೆ ಸೈರನ್ನಿಗೆ ಬಡಿಸೋದು. ಅದೆಲ್ಲ ಮೊದಲಿನ ಹಾಗೇನೇ. ತೊಂದರೆ ಶುರುವಾಗಿದ್ದು ಗೋಡೆ ಮೇಲಿನ ಬೋರ್ಡಿಂದ.

ನಮ್ಮ ಕ್ಯಾಂಟೀನಲ್ಲಿ ಒಂದು ಪದ್ಧತಿ ಇದೆ. ಯಾವತ್ತೋ ಒಮ್ಮೆ ಉಪ್ಪಿಟ್ಟು ತಿಂದು ಒಂದಷ್ಟು ಜನಕ್ಕೆ ಹೊಟ್ಟೆ ಕೆಟ್ಟಿತ್ತಂತೆ. ಆವಾಗಿಂದ ಬೋರ್ಡಲ್ಲಿ ಬರೆದಿದ್ದಾರೆ: 'ಹೆಡ್ ಕುಕ್ ಮೊದಲ ತಟ್ಟೆ ಊಟ ಮಾಡಿದ ನಂತರವೇ ಬಡಿಸತಕ್ಕದ್ದು.' ಹನ್ನೆರಡು ಗಂಟೆಗೆ ಹಾಲ್ ಮಧ್ಯೆ ಕುರ್ಚಿ ಹಾಕ್ತಾರೆ. ಹೆಡ್ ಕುಕ್ಕು ಎಲ್ರಿಗೂ ಕಾಣೋ ಹಾಗೆ ಕೂತು ಒಂದು ತಟ್ಟೆ ಉಣ್ಬೇಕು. ಅವಳಿಗೇನೂ ಆಗಲಿಲ್ಲ ಅಂದ್ರೆ ಊಟ ಸರಿ ಇದೆ ಅಂತ. ಇಷ್ಟು ವರ್ಷ ಆ ಕುರ್ಚಿ ನನ್ನ ಸಿಂಹಾಸನ. ಒಂದು ತಟ್ಟೆ ಅಂದ್ರೆ ನಾನು ಎರಡು ಉಂಡಿದ್ದೀನಿ.

ಈಗ ಮೂರು ಚಮಚಕ್ಕೆ ಒಳಗಿಂದ 'ಸಾಕು' ಅಂತು. ಜೋರಾಗೇ ಅಂತು. ತಟ್ಟೆ ಸರಿಸಿದೆ.

ಕಂಟ್ರಾಕ್ಟರ್ ಸೊಂಟದ ಮೇಲೆ ಕೈ ಇಟ್ಕೊಂಡು ನಿಂತಿದ್ರು. "ಇದೇನಜ್ಜಿ ಹಕ್ಕಿ ಊಟ? ಬೋರ್ಡಲ್ಲಿ ತಟ್ಟೆ ಅಂತಿದೆ, ಚಮಚ ಅಂತಿಲ್ಲ."

"ಹಕ್ಕಿ ತಿಂದ್ರೂ ವಿಷ ಗೊತ್ತಾಗ್ತದೆ ಸಾರ್" ಅಂದೆ. ಅವತ್ತಿಗೆ ನಕ್ಕು ಬಿಟ್ರು.

ಆ ವಾರದಲ್ಲೇ ಇನ್ನೊಂದು ಏಟು. ಸಾರು ವಾಪಸ್ ಬಂತು. ಬಡಿಸಿದ ಸಾರು ತಟ್ಟೇಲೇ ಬಿಟ್ಟು ಹೋಗಿದ್ರು. ಪ್ರೆಸ್ ಮಷೀನಿನ ಒಬ್ಬ ಹುಡುಗಾಟದವನು ಕೌಂಟರಿಗೆ ಬಂದು, "ಅಜ್ಜಿ, ನಿಮಗೆ ಆಸ್ಪತ್ರೇಲಿ ಕೊಟ್ಟ ಸಾರು ನಮಗೂ ಕೊಡ್ತಿದ್ದೀರಾ? ನಮ್ಮದೇನೂ ಆಪರೇಶನ್ ಆಗಿಲ್ಲ" ಅಂದ. ಉಪ್ಪು ಕಮ್ಮಿ ಅಂತೆ. ನಾನು ಅಂಗೈಗೆ ಬಿಟ್ಕೊಂಡು ನೆಕ್ಕಿ ನೋಡಿದ್ರೆ ನನಗೆ ಉಪ್ಪು ಜಾಸ್ತಿನೇ ಅನ್ನಿಸ್ತಿದೆ! ಆಪರೇಶನ್ ಆದ್ಮೇಲೆ ಕೆಲವರಿಗೆ ರುಚಿ ಬದಲಾಗ್ತದೆ ಅಂತ ಡಾಕ್ಟರಮ್ಮ ಹೇಳಿದ್ರು. ಸಿಹಿ, ಉಪ್ಪು ಎರಡೂ ನನ್ನ ನಾಲಿಗೆ ಮೇಲೆ ಕೂಗಾಡ್ತಿದ್ವು. ಅಡಿಗೆಯವಳ ನಾಲಿಗೆ ಕೆಟ್ರೆ ಡ್ರೈವರ್ ಕಣ್ಣು ಹೋದಂಗೆ. ಅದನ್ನ ಯಾರಿಗೂ ಹೇಳಲಿಲ್ಲ.

ಆಮೇಲೆ ಬಂತು ಆ ಶುಕ್ರವಾರ. ಫ್ಯಾಕ್ಟ್ರಿ ಆಫೀಸಿನ ಮೇಡಂ, ಕಾರ್ಮಿಕರ ಕಮಿಟಿಯವರು ಕ್ಯಾಂಟೀನ್ ನೋಡೋಕೆ ಬರೋ ದಿನ. ಕಂಟ್ರಾಕ್ಟರ್ ನನ್ನ ಪಕ್ಕಕ್ಕೆ ಕರೆದು, "ಅಜ್ಜಿ, ಇವತ್ತು ಪೂರ್ತಿ ತಟ್ಟೆ. ಆಗಲ್ಲ ಅಂದ್ರೆ ಈಗ್ಲೇ ಹೇಳ್ಬಿಡಿ, ಕುರ್ಚಿ ಮೇಲೆ ಬೇರೆಯವರನ್ನ ಕೂರಿಸ್ತೀನಿ" ಅಂದ್ರು. ಬೇರೆಯವರು ಅಂದ್ರೆ ನನ್ನ ಕೈಕೆಳಗಿನ ಅಡಿಗೆಯವನು. ಮಾಗಡಿ ಕಡೆಯವನು, ನಲವತ್ತೈದು ವಯಸ್ಸು, ಹನ್ನೆರಡು ವರ್ಷದಿಂದ ನನ್ನ ಸೌಟಿನ ಮೇಲೆ ಕಣ್ಣಿಟ್ಟವನು.

'ಆಗಲ್ಲ' ಅನ್ನೋ ಮಾತು ನನ್ನ ಬಾಯಿಂದ ಬರಬೇಕಿತ್ತು. ಬರಲಿಲ್ಲ. ಹಠ ಬಂತು. ಕುರ್ಚಿ ಮೇಲೆ ಕೂತೆ. ಅನ್ನ, ಸಾರು, ಪಲ್ಯ, ಮೇಲೆ ಹೆಸರುಬೇಳೆ ಪಾಯಸ ಒಂದು ಬಟ್ಟಲು, ಇಳೀಲಿ ಅಂತ ಮಜ್ಜಿಗೆ. ಐದು ನಿಮಿಷದಲ್ಲಿ ಎಲ್ಲಾ ತುರುಕಿದೆ. ಒಳಗೆ 'ಸಾಕು ಸಾಕು' ಅಂತ ಬಡ್ಕೊಳ್ತಿದ್ರೂ ತಟ್ಟೆ ಬಳಿದು ಎತ್ತಿ ತೋರಿಸಿದೆ. ಕಮಿಟಿಯವರು ಚಪ್ಪಾಳೆ ತಟ್ಟಿದ್ರು.

ಕಾಲು ಗಂಟೆ ಆಗಿರಬೇಕು. ಮೊದಲು ಎದೆ ಡವ ಡವ ಅಂತು. ಆಮೇಲೆ ಬೆವರು, ಸ್ನಾನ ಮಾಡಿದ ಹಾಗೆ. ಹೊಟ್ಟೇಲಿ ಯಾರೋ ಟವಲ್ ಹಿಂಡ್ತಿದ್ದಾರೆ. ಕಣ್ಣು ಕತ್ತಲೆ ಬಂದು ಅಕ್ಕಿ ಮೂಟೆ ಮೇಲೆ ಒರಗಿಬಿಟ್ಟೆ. ಡಾಕ್ಟರಮ್ಮ ಹೇಳಿದ ಗದ್ದಲ ಇದೇ ಅಂತ ಗೊತ್ತಾಯ್ತು. ಬೆಲ್ಲ ಒಂದೇ ಸಲಕ್ಕೆ ಕರುಳಿಗೆ ನುಗ್ಗಿದೆ, ಅಲ್ಲಿರೋರೆಲ್ಲ ಒಟ್ಟಿಗೆ ಸೈರನ್ ಒತ್ತಿದ್ದಾರೆ. ನನಗೇನೋ ಗೊತ್ತು. ನೋಡ್ತಿದ್ದೋರಿಗೆ ಹೇಗೆ ಗೊತ್ತಾಗ್ಬೇಕು? ಮೊದಲ ತಟ್ಟೆ ಉಂಡವಳು ಕಾಲು ಗಂಟೆಗೆ ಬಿದ್ದಿದ್ದಾಳೆ!

"ಊಟ ನಿಲ್ಸಿ! ಯಾರೂ ಮುಟ್ಬೇಡಿ!" ಅಂತ ಆಫೀಸಿನ ಮೇಡಂ ಕಿರುಚಿದ್ರು. ಅಷ್ಟೊತ್ತಿಗೆ ಸರಿಯಾಗಿ ಹನ್ನೆರಡೂವರೆ ಸೈರನ್ನು. ನಾನೂರು ಜನ ಬಾಗ್ಲಲ್ಲಿ, ಬಾಗ್ಲು ಹಾಕಿದೆ. "ಊಟದಲ್ಲಿ ಏನೂ ಇಲ್ಲ, ನನ್ನ ಹೊಟ್ಟೆ ಇದು" ಅಂತ ನಾನು ಮೂಟೆ ಮೇಲಿಂದ ಹೇಳ್ತಿದ್ರೆ ಯಾರು ಕೇಳ್ತಾರೆ? ಕೊನೆಗೆ ಮಾಗಡಿಯವನು ಒಂದು ತಟ್ಟೆ ಬಡಿಸ್ಕೊಂಡು ಎಲ್ರ ಮುಂದೆ ನಿಂತ್ಕೊಂಡೇ ಉಂಡ. ಅವನಿಗೇನೂ ಆಗಲಿಲ್ಲ ಅಂತ ನೋಡಿ ಬಾಗ್ಲು ತೆಗೆಯೋಷ್ಟರಲ್ಲಿ ನಲವತ್ತು ನಿಮಿಷ. ಅರ್ಧ ಜನ ಹೊರಗೆ ಬನ್ನು ತಿಂದು ಟೀ ಕುಡಿದು ಮಷೀನಿಗೆ ಹೋಗಿದ್ರು. ನನ್ನ ಕೈ ಅಡಿಗೆ ಪಾತ್ರೇಲಿ ತಣ್ಣಗಾಯ್ತು.

ಒಂದು ಗಂಟೇಲಿ ನಾನು ಸರಿ ಹೋದೆ. ಕಂಟ್ರಾಕ್ಟರ್ ಕೂಗಾಡಲಿಲ್ಲ. ಕೂಗಾಡಿದ್ರೆ ಚೆನ್ನಾಗಿರ್ತಿತ್ತು. "ಸೋಮವಾರದಿಂದ ಅವನು ಹೆಡ್ಡು. ನೀವು ತರಕಾರಿ ಹೆಚ್ಕೊಂಡು ಆರಾಮಾಗಿರಿ ಅಜ್ಜಿ" ಅಂದ್ರು.

ಡಾಕ್ಟರಮ್ಮಂಗೆ ಫೋನ್ ಮಾಡಿ ಒಪ್ಪಿಕೊಂಡೆ. "ಹೊಟ್ಟಿಯೊಳಗ ಹೊಸಾ ಕಾಯ್ದೆ ಬಂದದ, ನೀವು ಹಳೇ ಹಠಾ ಮಾಡ್ತೀರಿ" ಅಂತ ಬೈದ್ರು. "ಇನ್ನೊಂದ್ ಸಲಾ ಹಿಂಗ ಮಾಡಿದ್ರ ನಾನ ಬಂದು ನಿಮ್ಮ ಸೌಟು ಕಸಕೋತೀನಿ."

"ಅದನ್ನ ಆಗ್ಲೇ ಕಸ್ಕೊಂಡಿದ್ದಾರೆ, ನೀವು ಬರೋ ಶ್ರಮ ಬೇಡ" ಅಂದೆ.

ಸೋಮವಾರದಿಂದ ತರಕಾರಿ ಮೂಲೆ. ಹುರುಳಿಕಾಯಿ ನಾರು ತೆಗೀತಾ ಎದುರಿಗಿರೋ ಬೋರ್ಡನ್ನೇ ನೋಡ್ತಿದ್ದೆ. ನಾಲ್ಕನೇ ದಿನ ಹೊಳೀತು. ಆಯುಧ ಪೂಜೆಗೆ ಹತ್ತು ದಿನ ಇದೆ. ಆಯುಧ ಪೂಜೆ ದಿನ ನಮ್ಮಲ್ಲಿ ಅಡಿಗೆ ಮೊದಲು ಮಷೀನಿಗೆ ನೈವೇದ್ಯ. ಅಲ್ಲಿವರೆಗೂ ಯಾರೂ ರುಚಿ ನೋಡೋ ಹಾಗಿಲ್ಲ, ನಾಲಿಗೆಗೆ ಒಂದು ಹನಿ ತಾಗಿಸೋ ಹಾಗಿಲ್ಲ. ಕುರ್ಚಿ ಹಾಕಲ್ಲ. ಮೊದಲ ತಟ್ಟೆ ಇಲ್ಲ. ವರ್ಷಕ್ಕೆ ಒಂದು ದಿನ ಹೆಡ್ ಕುಕ್ಕಿಗೆ ಹೊಟ್ಟೆನೂ ಬೇಕಿಲ್ಲ, ನಾಲಿಗೆನೂ ಬೇಕಿಲ್ಲ. ಮೂಗು, ಕಿವಿ, ಕೈ ಇದ್ರೆ ಸಾಕು. ಇಷ್ಟು ವರ್ಷ ನಾನೇ ಮಾಡ್ತಿದ್ದೆ, ಒಂದ್ಸಲವೂ ತಪ್ಪಿಲ್ಲ.

ಕಂಟ್ರಾಕ್ಟರ್ ಹತ್ರ ಹೋದೆ. "ಪೂಜೆ ಅಡಿಗೆ ನನಗೆ ಬಿಡಿ. ಒಬ್ಬ, ಒಬ್ಬನೇ ಒಬ್ಬ ಉಪ್ಪು ಸರಿಯಿಲ್ಲ ಅಂದ್ರೆ ಸೌಟು ನಾನೇ ತಂದು ಅವನ ಕೈಗಿಟ್ಟು ಮನೆಗೆ ಹೋಗ್ತೀನಿ. ತರಕಾರಿನೂ ಹೆಚ್ಚಲ್ಲ."

ಅವರು ಗಡ್ಡ ಕೆರ್ಕೊಂಡ್ರು. ಅವತ್ತು ಮನೆಯವರೂ ಬರ್ತಾರೆ, ಊಟ ಡಬಲ್ಲು. ಮಾಗಡಿಯವನು ಪೂಜೆ ಅಡಿಗೆ ಒಬ್ಬನೇ ಯಾವತ್ತೂ ಮಾಡಿಲ್ಲ. "ಒಂದು ದಿನ, ಅಷ್ಟೇ. ಮಾತು ಅಂದ್ರೆ ಮಾತು" ಅಂದ್ರು.

ಹೊರಗೆ ಬಂದು ಹೆಮ್ಮೆಯಿಂದ ಹೇಳಿದ್ರೆ ಮಾಗಡಿಯವನು ನಗಲಿಲ್ಲ. "ಅಕ್ಕ, ಬೈಬ್ಯಾಡಿ. ಒಂದ್ ಮಾತು. ನೀವು ಸಾರಿಗೆ ಉಪ್ಪು ಎಂಗ್ ಆಕ್ತೀರ?"

"ಎಂಟು ಹಿಡಿ. ಹೊಸದಾಗಿ ಕೇಳ್ತೀಯಲ್ಲ?"

"ಯಾರ್ ಹಿಡಿ?" ಅಂತ ನನ್ನ ಕೈ ತೋರಿಸಿದ. ಬಳೆ ಮೊಣಕೈವರೆಗೂ ಜಾರಿತ್ತು. ಉಂಗುರ ಬಿದ್ದುಹೋಗ್ತದೆ ಅಂತ ನಾನೇ ದಾರ ಸುತ್ತಿಕೊಂಡಿದ್ದೆ.

ಉಪ್ಪಿನ ಒಂದು ಕೆಜಿ ಪ್ಯಾಕೆಟ್ಟು ಒಡೆದು ಪರಾತಕ್ಕೆ ಸುರಿದ್ವಿ. ಮೊದಲೆಲ್ಲ ಸರಿಯಾಗಿ ಹತ್ತು ಹಿಡಿಗೆ ಖಾಲಿ ಆಗ್ತಿತ್ತು, ಅಡಿಗೆಮನೇಲಿ ಎಲ್ರಿಗೂ ಗೊತ್ತು. ಈಗ ಹಿಡಿದೆ, ಹಾಕಿದೆ, ಹಿಡಿದೆ, ಹಾಕಿದೆ. ಹನ್ನೆರಡಾದ್ರೂ ಪರಾತದ ತಳದಲ್ಲಿ ಇನ್ನೂ ಉಪ್ಪು! ನನ್ನ ಹಿಡಿನೇ ಕುಗ್ಗಿದೆ. ನಾನು ಪಾಪ ನಾಲಿಗೆ ಒಂದನ್ನೇ ಬೈತಿದ್ದೆ. ಕೈ ಕಮ್ಮಿ ಹಾಕ್ತಿತ್ತು, ನಾಲಿಗೆ ಅದನ್ನೇ ಜಾಸ್ತಿ ಅಂತಿತ್ತು, ಇಬ್ರೂ ಸೇರಿ ನನಗೆ ಟೋಪಿ ಹಾಕಿದ್ರು. ಪೂಜೆ ದಿನ ಬರೀ ಕೈ ನಂಬಿಕೊಂಡು ನಿಂತಿದ್ರೆ ಎಂಟುನೂರು ಜನಕ್ಕೆ ಸಪ್ಪೆ ಬಡಿಸಿ ಮನೆಗೆ ಹೋಗ್ತಿದ್ದೆ.

"ನೀನು ಸುಮ್ನಿದ್ದಿದ್ರೆ ಸೌಟು ನಿಂದಾಗ್ತಿತ್ತಲ್ಲೋ" ಅಂದೆ.

"ಬ್ಯಾಡ ಅಂದ್ರೆ ಸುಳ್ಳು ಅಕ್ಕ, ಬೇಕು. ಇಂಗೆ ಬ್ಯಾಡ."

ಮೂರು ದಿನ ಅವನೂ ನಾನೂ ತಕ್ಕಡಿ ಹಿಡ್ಕೊಂಡು ಕೂತ್ವಿ. ನನ್ನ ಹಳೇ ಹಿಡಿ ಅಂದ್ರೆ ನೂರು ಗ್ರಾಂ. ಸಾರಿಗೆ, ಪಲ್ಯಕ್ಕೆ, ಕೋಸಂಬರಿಗೆ, ಪುಳಿಯೋಗರೆ ಗೊಜ್ಜಿಗೆ, ಎಲ್ಲಾ ಗ್ರಾಂ ಲೆಕ್ಕಕ್ಕೆ ಇಳಿಸಿ ಒಂದು ಹಳೇ ಸ್ಲೇಟಲ್ಲಿ ಬರೆದ್ವಿ. ನಲವತ್ತು ವರ್ಷ ಅಳತೆ ಇಲ್ಲದೆ ಅಡಿಗೆ ಮಾಡ್ತೀನಿ ಅಂತ ಮೆರೆದವಳು ನಾನು. ತಕ್ಕಡಿ ಮುಂದೆ ಕೂತಾಗ ಸ್ವಲ್ಪ ನಾಚಿಕೆ ಆಯ್ತು. ಆಗ್ಲಿ. ಮೈ ಬದಲಾದ್ಮೇಲೆ ರವಿಕೆ ಹೊಸದಾಗಿ ಹೊಲಿಸ್ಕೊಳ್ಳಲ್ವಾ, ಅಳತೆನೂ ಹಾಗೇ.

ಪೂಜೆ ದಿನ ಐದಕ್ಕೇ ಒಲೆ ಹಚ್ಚಿದೆ. ಉಪ್ಪು ಬಿಟ್ರೆ ಉಳಿದಿದ್ದೆಲ್ಲ ಮೂಗು ಕಿವಿ ಕೆಲ್ಸ. ಹುಣಸೆಹಣ್ಣಿನ ಹಸಿ ವಾಸನೆ ಹೋಗಿ ಮೂಗಿನ ಮೇಲ್ಗಡೆ ಚುರುಗುಟ್ಟೋದು ನಿಲ್ಲಬೇಕು, ಆಗ ಬೇಳೆ. ನೊರೆ ಮೇಲೆದ್ದು ಒಡೆಯೋ ಮುಂಚೆ ಪುಡಿ. ಗೊಜ್ಜು ಅಂಚಲ್ಲಿ ಎಣ್ಣೆ ಬಿಡ್ತಾ ಗೊಟಕ್ ಗೊಟಕ್ ಅಂದ್ರೆ ಇಳಿಸ್ಬೇಕು. ಪಾಯಸಕ್ಕೆ ಹಾಲು ಗಟ್ಟಿಯಾದ್ರೆ ಕುದಿಯೋ ಸದ್ದೇ ದಪ್ಪ ಆಗ್ತದೆ. ಪಾಯಸದ ಪಾತ್ರೆ ಮೇಲೆ ಬಗ್ಗಿದಾಗ ಏಲಕ್ಕಿ ಹೊಗೆ ಮುಖಕ್ಕೆ ಬಂತು. ಬಾಯಲ್ಲಿ ನೀರು ಬರಲಿಲ್ಲ. ಮೊದಲ್ನೇ ಸಲ. ಆಸೆ ನೆನಪಿದೆ, ಆಸೆ ಇಲ್ಲ. ಗೆದ್ದೆ ಅನ್ಬೇಕೋ ಕಳ್ಕೊಂಡೆ ಅನ್ಬೇಕೋ ಗೊತ್ತಾಗದೆ ಸುಮ್ನೆ ಸೌಟು ತಿರುಗಿಸಿದೆ.

ಮಷೀನಿಗೆಲ್ಲ ಬಾಳೆ ಕಂದು, ಚೆಂಡು ಹೂವು. ದೊಡ್ಡ ಪ್ರೆಸ್ ಮಷೀನಿನ ಮುಂದೆ ಎಲೆ ಹಾಕಿ ಎಲ್ಲಾ ಬಡಿಸಿ ಮಂಗಳಾರತಿ ಆಯ್ತು. ಬೂದುಗುಂಬಳಕಾಯಿ ಒಡೆದ್ರು. ಸೈರನ್ ಕೂಗ್ತು. ನಾನು ಸಾರಿನ ಕೌಂಟರಿನ ಹಿಂದೆ ನಿಂತೆ. ಮೊದಲ ಸಾಲು ಕೂತು ಕಲಸಿ ಬಾಯಿಗಿಟ್ರು. ಯಾರಾದ್ರೂ ತಲೆ ಎತ್ತಿ ನನ್ನ ಕಡೆ ನೋಡ್ತಾರಾ ಅಂತ ಕಾದೆ. ಯಾರೂ ಎತ್ತಲಿಲ್ಲ. ಹಾಲ್ ತುಂಬಾ ಸೊರ್ ಸೊರ್ ಸೊರ್ ಅಂತ ಸದ್ದು ಬಿಟ್ರೆ ಮಾತಿಲ್ಲ. ಅವತ್ತು ಆಸ್ಪತ್ರೆ ಸಾರು ಅಂದಿದ್ದನಲ್ಲ, ಅವನು ಹೆಂಡ್ತಿ ಕರ್ಕೊಂಡು ಮೂರನೇ ಸಲ ಬಂದ. "ಅಜ್ಜಿ, ಸಾರು."

"ನಿನಗೇನೂ ಆಪರೇಶನ್ ಆಗಿಲ್ಲ ಅಲ್ವೇನೋ" ಅಂತ ಕೇಳಿ ಎರಡು ಸೌಟು ಹಾಕಿದೆ.

ಕೊನೆ ಪಂಕ್ತಿ ಏಳೋಕೆ ಮುಂಚೆ ಸೌಟು ಹಿಡ್ಕೊಂಡೇ ಹಾಲ್ ಮಧ್ಯಕ್ಕೆ ಹೋದೆ. ಕಂಟ್ರಾಕ್ಟರ್, ಆಫೀಸಿನ ಮೇಡಂ, ಕಮಿಟಿಯವರು ಒಟ್ಟಿಗೆ ಕೂತಿದ್ರು.

"ಸಾರ್, ಇವತ್ತು ಮೊದಲ ತಟ್ಟೆ ಉಂಡಿದ್ದು ಯಾರು?"

"ಯಾರಜ್ಜಿ? ಪ್ರೆಸ್ ಮಷೀನು."

"ಹಾಗಾದ್ರೆ ನಾಳೆಯಿಂದ ಅದನ್ನೇ ಹೆಡ್ ಕುಕ್ ಮಾಡಿ."

ಪಂಕ್ತಿ ಪೂರ್ತಿ ನಕ್ತು. ಕಂಟ್ರಾಕ್ಟರ್ ಏನೋ ಹೇಳೋಕೆ ಬಾಯಿ ತೆಗೆದ್ರು. ಈ ಸಲ ನಾನು ಬಿಡಲಿಲ್ಲ. "ನನಗೆ ಹೊಟ್ಟೆ ಚಿಕ್ಕದು ಮಾಡಿದ್ದಾರೆ, ಕೈ ಚಿಕ್ಕದಾಗಿದೆ. ಅಡಿಗೆ ಚಿಕ್ಕದಾಗಿದ್ಯಾ? ಹೇಳಿ. ಮೊದಲ ತಟ್ಟೆ ನಾನು ತಿನ್ನಲ್ಲ. ತಿಂದು ಬಿದ್ದು ನಾನೂರು ಜನರ ಊಟ ಕೆಡಿಸಿದ್ದು ನನ್ನ ತಪ್ಪು, ಒಪ್ಕೊಳ್ತೀನಿ, ಇನ್ನೊಂದ್ಸಲ ಮಾಡಲ್ಲ. ಆದ್ರೆ ಅಕ್ಕಿ ತರ್ಸೋದು ನೀವು, ಬೇಳೆ ತರ್ಸೋದು ನೀವು, ಎಣ್ಣೆ ತರ್ಸೋದು ನೀವು. ನಿಮ್ಮ ಊಟದ ಡಬ್ಬಿ ಮಾತ್ರ ಮನೆಯಿಂದ ಬರ್ತದೆ. ಮೊದಲ ತಟ್ಟೆ ನೀವು ತಿನ್ನಿ."

 ಹಿಂದಿನ ಸಾಲಿಂದ ಯಾರೋ ಒಬ್ಬ, "ಸಾರ್ ತಿನ್ಲಿ!" ಅಂದ. ತಟ್ಟೆ ಬಡಿಯೋಕೆ ಶುರುವಾಯ್ತು. ಆಫೀಸಿನ ಮೇಡಂ ಕಂಟ್ರಾಕ್ಟರ್ ಮುಖ ನೋಡಿ, "ತಪ್ಪೇನಿದೆ ಸಾರ್?" ಅಂದ್ರು. ಮಾರನೇ ವಾರ ಬೋರ್ಡಲ್ಲಿ 'ಹೆಡ್ ಕುಕ್' ಅಳಿಸಿ 'ಕಂಟ್ರಾಕ್ಟರ್' ಅಂತ ಬರೆದ್ರು. ಸೌಟು ನನ್ನ ಕೈಲೇ ಉಳೀತು. ಉಪ್ಪು ನೋಡೋ ನಾಲಿಗೆ ಮಾಗಡಿಯವನದು, ಆ ಕೆಲ್ಸ ಅವನಿಗೆ ನಾನೇ ಕೊಟ್ಟಿದ್ದು.

ಈಗ ಹನ್ನೆರಡಕ್ಕೆ ಆ ಕುರ್ಚಿ ಮೇಲೆ ಕಂಟ್ರಾಕ್ಟರ್ ಕೂರ್ತಾರೆ. ಮೂರನೇ ದಿನಕ್ಕೇ ಅಕ್ಕಿ ಬದಲಾಯ್ತು. ಒಂದು ವಾರಕ್ಕೆ ಬೇಳೆ. ನಾನು ಸೈರನ್ ಆದ್ಮೇಲೆ ತರಕಾರಿ ಮೂಲೇಲಿ ಒಂದು ಪುಟ್ಟ ಬಟ್ಟಲು ಇಟ್ಕೊಂಡು ಇಪ್ಪತ್ತು ನಿಮಿಷ ಕೂತು ತಿಂತೀನಿ, ಮೊದಲು ಬೇಳೆ, ಆಮೇಲೆ ಅನ್ನ. ಕೂದಲು ಒಂದಷ್ಟು ಉದುರಿದೆ, ವಿಟಮಿನ್ ಮಾತ್ರೆ ಸಾಯೋವರೆಗೂ ನುಂಗಬೇಕಂತೆ. ನುಂಗ್ತೀನಿ. ಒಳಗಿಂದ 'ಸಾಕು' ಅಂದ ತಕ್ಷಣ ಬಟ್ಟಲು ಕೆಳಗಿಡ್ತೀನಿ. ನನ್ನ ಜೀವನದಲ್ಲಿ ನಾನು ಮರುಮಾತಾಡದೆ ಕೇಳೋದು ಅದೊಂದರ ಮಾತು.

ಮೊನ್ನೆ ಕಂಟ್ರಾಕ್ಟರ್ ಎರಡನೇ ತಟ್ಟೆ ಹಾಕಿಸ್ಕೊಂಡು, ಬಟ್ಟಲು ಎತ್ತಿ ಸಾರು ಕುಡೀತಿದ್ರು. ಶರ್ಟಿನ ಗುಂಡಿ ಒಂದು ಆಗ್ಲೇ ಹಾರಿಹೋಗಿತ್ತು. ನನಗೆ ತಡೆಯೋಕಾಗಲಿಲ್ಲ. "ಏನ್ ಸಾರ್, ನಿಮ್ಮ ಹೊಟ್ಟೆಗೂ 'ಸಾಕು' ಅಂತ ಹೇಳೋಕೆ ಬರಲ್ವಾ?" ಅಂದೆ.

ಬಟ್ಟಲು ಕೆಳಗಿಟ್ಟು ಮೀಸೆ ಒರೆಸ್ಕೊಂಡು ಹೇಳಿದ್ರು: "ಹೇಳ್ತದೆ ಅಜ್ಜಿ. ನಿಮ್ಮ ಸಾರು ಕುಡಿಯೋ ಸದ್ದಲ್ಲಿ ಕೇಳ್ಸಲ್ಲ, ಇನ್ನೊಂದು ಸೌಟು ಹಾಕಿ."